ಹಲ್ಲಿಲ್ಲದ ಕುಂಬಳಕಾಯಿ

ಈಗಲೂ ಸಿಹಿಕುಂಬಳ ಹೆಚ್ಚುವಾಗ ಬರುವ ಹಸಿ ವಾಸನೆಗೆ ನ್ಯೂಜಿಲೆಂಡಿನ ಪಾಪಕುರಾದ ನಮ್ಮ ಹಳೆಯ ಅಡುಗೆಮನೆ ನೆನಪಾಗುತ್ತದೆ.

ಅಪ್ಪ ತೀರಿಕೊಂಡ ವರ್ಷದ ಹ್ಯಾಲೋವೀನ್ ಮಧ್ಯಾಹ್ನ. ಹೊರಗೆ ಅಲ್ಲಿನ ಅಕ್ಟೋಬರಿನ ವಸಂತದ ಬಿಸಿಲಿತ್ತು. ಕಣ್ಣು, ಬಾಯಿ ಕೊರೆದು ಒಳಗೆ ದೀಪ ಇಡಲೆಂದು ಅಮ್ಮ ತಂದ ಕುಂಬಳಕಾಯಿ ಮೇಜಿನ ಮೇಲೆ ಹಾಗೇ ಕೂತಿತ್ತು. ಮೈಸೂರಿನಿಂದ ಬಂದಿದ್ದ ಅಜ್ಜಿ, ಅಪ್ಪನ ಅಮ್ಮ, ನನಗೆ ಚಾಕು ಮುಟ್ಟಲು ಬಿಡಲಿಲ್ಲ.

"ಇಡೀ ಕುಂಬಳಕಾಯಿನ ಹೆಂಗಸರು ಒಡೀಬಾರದು ಕಣೆ. ಮೊದಲು ಗಂಡಸರೇ ಚಾಕು ಹಾಕಬೇಕು."

ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದಾಗಿತ್ತು. ಅಮ್ಮ ಸಿಂಕಿನ ಕಡೆ ತಿರುಗಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಬಟ್ ಅಜ್ಜಿ, ಇವತ್ತು ಸತ್ತವರು ಮನೆಗೆ ಬರ್ತಾರೆ ಅಂತ ಹಿಂದಿನ ಕಾಲದಲ್ಲಿ ದೀಪ ಇಡ್ತಿದ್ರಂತೆ. ಟೀಚರ್ ಹೇಳಿದ್ರು," ಎಂದೆ.

ಅಜ್ಜಿ ಕುಂಬಳಕಾಯಿಯ ಒರಟು ತೊಟ್ಟನ್ನು ಸವರಿದರು. "ನಮ್ಮ ಪಿತೃಪಕ್ಷದ ಹಾಗೇನಾ?" ಎಂದರು. ಆಮೇಲೆ ಚಾಕುವನ್ನು ನನ್ನ ಕೈಗಿಟ್ಟು, ಮೇಲೆ ತಮ್ಮ ಕೈಯಿಟ್ಟು ಒತ್ತಿದರು.

ಬಾಯಿಗೆ ಚೂಪು ಹಲ್ಲು ಕೊರೆಯಹೊರಟೆ. ಅಜ್ಜಿ ತಡೆದರು.

"ಹಲ್ಲು ಬೇಡ ಪುಟ್ಟಿ. ನಗೋ ಹಾಗೆ ಮಾಡು. ಚಿಕ್ಕೋನಿದ್ದಾಗಿಂದ ದೆವ್ವ ಅಂದ್ರೆ ಭಯ ಅವನಿಗೆ."