ಕೈ ನಿಲ್ಲುವಷ್ಟು ಹೊತ್ತು

ನರರೋಗದ ಡಾಕ್ಟರು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ನಿಂತಿದ್ದ ಕ್ಷೌರಿಕನ ಬಲಗೈ, ಅದು ಬೇರೆ ಯಾರದೋ ಎನ್ನುವ ಹಾಗೆ, ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಇಬ್ಬರೂ ಅದನ್ನು ಕನ್ನಡಿಯಲ್ಲಿ ನೋಡಿದರು. ಬೆಂಚಿನ ಮೇಲಿದ್ದ ಮೇಷ್ಟ್ರು ಪೇಪರಿನ ಅಂಚಿನಿಂದ ನೋಡಿದರು.

ಮೇಷ್ಟ್ರು ಇಪ್ಪತ್ತು ವರ್ಷದ ಗಿರಾಕಿ. ಒಂದು ತಿಂಗಳಿಂದ ಪೇಪರ್ ಓದಲು ಮಾತ್ರ ಬರುತ್ತಿದ್ದರು. ಅವರ ಗಡ್ಡ ಇನ್ನೆಲ್ಲೋ ನುಣ್ಣಗಾಗುತ್ತಿತ್ತು. ಉಳಿದವರು ಪೇಪರಿಗೂ ಬರುತ್ತಿರಲಿಲ್ಲ.

"ಕೆಲಸ ಮಾಡ್ಬಹುದು ಅಂತ ಚೀಟಿ ಬರ್ಕೊಡ್ತೀನಿ ಅಂದಿದ್ನಲ್ಲ," ಎಂದರು ಡಾಕ್ಟರು, ಮೆಲ್ಲಗೆ.

"ಚೀಟಿ ಎಲ್ಲಿ ಅಂಟಿಸ್ಲಿ, ಬೆಲೆಪಟ್ಟಿ ಪಕ್ಕದಲ್ಲಾ?" ಕ್ಷೌರಿಕನೂ ದನಿ ತಗ್ಗಿಸಿದ. "ನೀವು ಕೂತಿದ್ದು ನೋಡಿದ್ರೆ ಮೇಷ್ಟ್ರೂ ಕೂರ್ತಾರೆ."

"ಏನಂತೆ ಡಾಕ್ಟ್ರೇ, ಇವನ ಕೈಗೆ?" ಬೆಂಚಿನಿಂದ ಮೇಷ್ಟ್ರು ಕೇಳಿದರು.

"ಕೈಗೇನೂ ಆಗಿಲ್ಲ. ಮಿದುಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸೋ ರಾಸಾಯನಿಕ ಕಮ್ಮಿಯಾಗಿದೆ. ಸುಮ್ನಿದ್ರೆ ಕೈ ನಡುಗುತ್ತೆ, ಕೆಲಸಕ್ಕಿಳಿದ್ರೆ ನಿಲ್ಲುತ್ತೆ. ಯಾರಾದ್ರೂ ದುರುಗುಟ್ಟಿ ನೋಡಿದ್ರೆ ಗಾಬರಿಗೆ ಜಾಸ್ತಿಯಾಗುತ್ತೆ."

ಮೇಷ್ಟ್ರು ಪೇಪರನ್ನು ಮೇಲೆತ್ತಿಕೊಂಡರು. ಕಣ್ಣು ಮಾತ್ರ ಹೊರಗೇ ಇತ್ತು.

ಕ್ಷೌರಿಕ ಕತ್ತಿ ಬಿಚ್ಚಿದ. ಅದು ಗಾಳಿಯಲ್ಲಿ ನಡುಗುತ್ತ ಬಂದು, ಕೆನ್ನೆಯ ನೊರೆಗೆ ತಾಗಿದ್ದೇ ತಡ, ನಿಂತಿತು. ನಿಲ್ಲುತ್ತದೆಂದು ಡಾಕ್ಟರಿಗೆ ಗೊತ್ತಿತ್ತು. ಈ ಬಗ್ಗೆ ಹದಿನಾಲ್ಕು ಲೇಖನ ಬರೆದಿದ್ದರು. ಆದರೆ ಅವರ ಮಿದುಳಿನಲ್ಲಿ ಹೆದರುವ ಕೆಲಸ ಮಾಡುವ ಭಾಗ ಆ ಲೇಖನಗಳನ್ನು ಓದಿರಲಿಲ್ಲ. ಬಟ್ಟೆಯ ಕೆಳಗೆ ಮೊಣಕಾಲು ಕುಣಿಯತೊಡಗಿ, ಕುರ್ಚಿಯ ಕಬ್ಬಿಣದ ಕಾಲ್ಮಣೆ ಗಡಗಡ ಅಂದಿತು.

"ಅಲ್ಲಾಡ್ಬೇಡಿ ಡಾಕ್ಟ್ರೇ. ಈಗ ನಡುಗ್ತಿರೋದು ನಾನಲ್ಲ."

"ಗೊತ್ತಾಗ್ತಿದೆ."

"ಉಸಿರು ಬಿಡಿ. ಹಿಡ್ಕೊಂಡು ಕೂತ್ಬಿಟ್ಟಿದೀರಿ."

ಡಾಕ್ಟರು ಉಸಿರು ಬಿಟ್ಟರು. ಕತ್ತಿ ಕಿವಿಯಿಂದ ಗಲ್ಲಕ್ಕಿಳಿಯಿತು, ಇನ್ನೊಂದು ಕೆನ್ನೆಗೆ ದಾಟಿತು, ಗಂಟಲಿನ ಗುಬಟನ್ನು ಬಳಸಿಕೊಂಡು ಹೋಯಿತು. ಒಂದು ಹನಿ ರಕ್ತವೂ ಬರಲಿಲ್ಲ. ನಡುವೆ ಎಲ್ಲೋ ಕಾಲ್ಮಣೆಯ ಸದ್ದು ನಿಂತಿತ್ತು. ಮೇಷ್ಟ್ರು ಪೇಪರನ್ನು ಬೆಂಚಿನ ಮೇಲಿಟ್ಟು ಎದ್ದರು. ತಮ್ಮ ಗಡ್ಡ ಸವರಿಕೊಂಡು ಒಂದು ಹೆಜ್ಜೆ ಮುಂದೆ ಬಂದು, ಕ್ಷೌರಿಕನ ಕೈಯನ್ನೇ ನೋಡುತ್ತ ನಿಂತರು.

"ಮುಗೀತಲ್ಲ?" ಡಾಕ್ಟರು ತುಟಿ ಅಲ್ಲಾಡಿಸದೆ ಕೇಳಿದರು.

ಮುಗಿದಿತ್ತು. ಕತ್ತಿ ಎತ್ತಿದರೆ ಕೈಯ ನಡುಕ ಮತ್ತೆ ಶುರುವಾಗುತ್ತಿತ್ತು. ಮೇಷ್ಟ್ರು ಕುರ್ಚಿಗೆ ಇನ್ನೂ ಎರಡು ಹೆಜ್ಜೆ ದೂರದಲ್ಲಿದ್ದರು.

"ಇಲ್ಲಿ ಸ್ವಲ್ಪ ಉಳಿದಿದೆ," ಎಂದ ಕ್ಷೌರಿಕ, ಏನೂ ಉಳಿದಿರದ ಕಡೆ ಕತ್ತಿಯನ್ನು ಹಾಗೇ ಇಟ್ಟುಕೊಂಡು.

ಡಾಕ್ಟರು ಕನ್ನಡಿಯಲ್ಲಿ ಮೇಷ್ಟ್ರನ್ನು ನೋಡಿದರು. ನುಣ್ಣನೆಯ ಕೆನ್ನೆಯನ್ನು ಮತ್ತೆ ಒಡ್ಡಿದರು.