ಬಟ್ಟೆ ಮುಚ್ಚಿದ ಪಂಜರ

ಮನೆಗೆ ಹೊಸ ಅಳಿಯ ಬಂದಿದ್ದ. ಸಂಜೆಗೆ ಕೌಜುಗ ಹಕ್ಕಿಯ ಸಾರೇ ಆಗಬೇಕೆಂದು ಹೆಂಡತಿಗೆ ಮಸಾಲೆ ಅರೆಯಲು ಹೇಳಿ, ದ್ಯಾಮಣ್ಣ ಗೆಳೆಯ ಫಕೀರಪ್ಪನ ಜೊತೆ ಗುಡ್ಡ ಹತ್ತಿದ. ಫಕೀರಪ್ಪನ ಸಾಕಿದ ಕೌಜುಗ ಒಮ್ಮೆ ಕೂಗಿದರೆ ಸಾಕು, ಕಾಡಿನವು ಜಗಳಕ್ಕೆ ಓಡಿಬಂದು ಬಲೆಗೆ ಬೀಳುತ್ತಿದ್ದವು. ಅವನು ಬಟ್ಟೆ ಮುಚ್ಚಿದ ಪಂಜರ ಹಿಡಿದು ಪೊದೆಯೊಳಗೆ ಕೂತ. ದ್ಯಾಮಣ್ಣ ಬಲೆಯ ಹತ್ತಿರ ಬೋರಲು ಮಲಗಿದ.

ಪೊದೆಯಿಂದ ಕೂಗೇನೋ ಬಿಡುವಿಲ್ಲದೆ ಬಂತು. ಹಕ್ಕಿ ಮಾತ್ರ ಒಂದೂ ಬರಲಿಲ್ಲ. ಇರುವೆ ಕಚ್ಚಿದವು, ಬಿಸಿಲು ನೆತ್ತಿ ಸುಟ್ಟಿತು, ಹೊತ್ತೂ ಇಳಿಯಿತು.

"ಇರ್ಲಿ ಬಿಡೋ, ಅಳಿಯಗ ಬದನೀಕಾಯಿ ಪಲ್ಯಾನ ಉಣಸ್ತೀನಿ," ಎಂದು ನಗುತ್ತ ದ್ಯಾಮಣ್ಣ ಎದ್ದ. "ಪಾಪ, ನಿನ್ನ ಹಕ್ಕಿ ಮುಂಜಾನಿಯಿಂದ ಒದರಿ ಒದರಿ ಗಂಟಲಾ ಹರಕೊಂಡೈತಿ. ಅದಕ್ಕ ಒಂದೀಟು ಕಾಳರ ಹಾಕ್ತೀನಿ ತಡಿ."

ಬಟ್ಟೆ ಎತ್ತಿದ. ಪಂಜರ ಖಾಲಿ.

"ಲೇ ಫಕೀರ್ಯಾ, ಹಕ್ಕಿ ಎಲ್ಲೈತಿ? ಮತ್ತ ಇಷ್ಟೊತ್ತು ಕೂಗಿದ್ದ್ಯಾರು?"

"ನಾನ," ಎಂದ ಫಕೀರಪ್ಪ, ಕಟ್ಟಿದ ಗಂಟಲಲ್ಲಿ. "ಹೋದ ವಾರ ಇದ ಗುಡ್ಡದಾಗ ತಪ್ಪಿಸ್ಕೊಂಡು ಹೋತು. ಅದನ್ನ ಹುಡುಕಾಕ ಬಾ ಅಂದಿದ್ರ ನೀ ಬರ್ತಿದ್ದೇನು?"