ನಾಲ್ಕನೇ ಕೊಳವೆ

ನಾಲ್ಕನೇ ಕೊಳವೆಗೆ ಯಾರೋ ಸೀಮೆಎಣ್ಣೆ ಹಾಕುತ್ತಿದ್ದರು. ಪ್ರಯೋಗಾಲಯದ ವರದಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬಣ್ಣದ ಕಾರ್ಖಾನೆ ನೆಲಕ್ಕೆ ಇಳಿಸಿಹೋದ ಹಳೆಯ ವಿಷವಲ್ಲ ಇದು. ಮೊನ್ನೆ ಮೊನ್ನೆ ಬಾಟಲಿಯಿಂದ ಬಿದ್ದ ಹೊಸ ಎಣ್ಣೆ.

ನೀರು ಪರೀಕ್ಷೆಯವಳು ಆ ಸಾಲನ್ನು ಮೂರು ಸಲ ಓದಿದಳು. ಮೂರು ತಿಂಗಳಿಗೊಮ್ಮೆ ಆ ಜಾಗಕ್ಕೆ ಬಂದು, ನೆಲದೊಳಗೆ ಇಳಿಸಿದ ಐದು ಕೊಳವೆಗಳಿಂದ ನೀರೆತ್ತಿ, ಸೀಸೆಗೆ ತುಂಬಿ ಕಳಿಸುವುದು ಅವಳ ಕೆಲಸ. ಕಾರ್ಖಾನೆ ಮುಚ್ಚಿ, ಕೆಟ್ಟ ಮಣ್ಣನ್ನೆಲ್ಲ ಅಗೆದು ಸಾಗಿಸಿ ಎರಡು ವರ್ಷವಾಗಿತ್ತು. ಸತತ ನಾಲ್ಕು ಸಲ ಐದೂ ಕೊಳವೆಗಳ ನೀರು ಶುದ್ಧವಾಗಿ ಬಂದರೆ ಅಲ್ಲಿ ಇನ್ನೂರು ಮನೆಗಳು ಏಳುತ್ತವೆ. ಆ ಮನೆಗಳಿಗಾಗಿ ಇನ್ನೂರು ಸಂಸಾರಗಳು ರಸ್ತೆಯಾಚೆಯ ತಗಡಿನ ಶೆಡ್ಡುಗಳಲ್ಲಿ ಬಿಸಿಲಿಗೆ ಬೇಯುತ್ತ ಕಾದಿದ್ದವು. ಮೊದಲೆರಡು ಸಲ ನೀರು ಶುದ್ಧವಾಗಿತ್ತು. ಆಮೇಲಿನ ಮೂರು ಸಲವೂ ತಗ್ಗಿನಲ್ಲಿದ್ದ ನಾಲ್ಕನೇ ಕೊಳವೆ ಕೈಕೊಟ್ಟಿತು.

"ಇನ್ನೊಂದು ಸಲ ಹೀಗಾದ್ರೆ ಬೇಲಿ ಹಾಕಿ ಕೈತೊಳ್ಕೊಳ್ಳೋದೇ. ಮನೆಗಿನೆ ಎಲ್ಲ ಮರೆತುಬಿಡಿ," ಎಂದಿದ್ದರು ಮೇಲಧಿಕಾರಿ ಫೋನಿನಲ್ಲಿ. "ಯಾರ ಕೆಲಸ ಅಂತ ಮೊದಲು ಹಿಡೀರಿ."

ಅವಳ ಕಡೆಯಿಂದ ತಪ್ಪಾಗುವ ಮಾತೇ ಇರಲಿಲ್ಲ. ನೀರೆತ್ತುವ ದಿನ ಅವಳು ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಮುಖಕ್ಕೆ ಕ್ರೀಮು ಬಳಿಯುತ್ತಿರಲಿಲ್ಲ. ಒಂದೊಂದು ಕೊಳವೆಗೂ ಹೊಸ ಕೈಗವಸು. ಬಂದ ಗಾಡಿಯನ್ನು ಸಹ ಗೇಟಿನಾಚೆಯೇ ನಿಲ್ಲಿಸುತ್ತಿದ್ದಳು. ಈ ನಿಯಮಗಳು ಅವಳಿಗೆ ಬಾಯಿಪಾಠ.

ಇನ್ನು ಉಳಿದವರು ಒಬ್ಬರೇ. ಗೇಟಿಗೆ ಇದ್ದದ್ದು ಒಂದೇ ಬೀಗ, ಅದರ ಕೀಲಿ ಇದ್ದದ್ದು ಕಾವಲಿನ ಮುದುಕನ ಸೊಂಟದಲ್ಲಿ.

ಹೆಂಡತಿ ತೀರಿಕೊಂಡ ಮೇಲೆ ಅವನು ಲಾರಿ ತೂಗುವ ಹಳೆಯ ಕೋಣೆಯಲ್ಲಿ ಒಬ್ಬನೇ ಇದ್ದ. ನೀರು ಪರೀಕ್ಷೆಯವಳನ್ನು ಕಂಡೊಡನೆ, "ಬಾಮ್ಮ, ಊಟ ಆಯ್ತಾ?" ಎನ್ನುತ್ತಿದ್ದ. ಲೋಕದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಅವಳ ಜೊತೆ ದನಿಯೆತ್ತಿ ಮಾತಾಡುತ್ತಿದ್ದುದು ಕುಕ್ಕರ್ ಒಂದೇ. ಎರಡನೇ ಸಲ ನೀರೆತ್ತಲು ಬಂದಾಗ ಕೊಳವೆಯ ಕಬ್ಬಿಣದ ಮುಚ್ಚಳದ ಅಂಚು ತಗುಲಿ ಅವಳ ಹೆಬ್ಬೆರಳು ಸೀಳಿತ್ತು. ಮುದುಕ ತನ್ನ ಹೊಸ ಟವೆಲನ್ನೇ ಹರಿದು ಕಟ್ಟಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಲಿಗೆ ಮುಗಿಯುವವರೆಗೂ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮನೆಯವರಾ ಎಂದು ನರ್ಸ್ ಕೇಳಿದಾಗ "ಹೂಂ" ಎಂದುಬಿಟ್ಟಿದ್ದ.

ಅಂಥವನ ಮೇಲೆ ಅನುಮಾನಪಡಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಅವನೇ ಒಮ್ಮೆ ನಕ್ಕು ಹೇಳಿದ್ದ: "ಮನೆ ಎದ್ದರೆ ನನ್ನ ಕೋಣೆ ಬೀಳುತ್ತೆ. ಆಮೇಲೆ ನಾನೆಲ್ಲೋ, ನೀನೆಲ್ಲೋ."

ಪ್ರತಿ ಸಲ ಬರುವ ಹಿಂದಿನ ದಿನ ಅವನಿಗೆ ಫೋನ್ ಮಾಡಿ ತಿಳಿಸುವುದು ಅವಳ ರೂಢಿ. ಮುಂದಿನ ಸಲ ಬೇಕೆಂದೇ ತಿಳಿಸದೆ ಹೋದಳು. ಅವಳನ್ನು ಕಂಡು ಮುದುಕನ ಮುಖ ಬಿಳಿಚಿಕೊಂಡಿತು.

"ಒಂದು ಮಾತು ಹೇಳಬಾರದಿತ್ತಾ? ನಾನೇನೂ ತಯಾರಿ ಮಾಡಿಲ್ಲವಲ್ಲಮ್ಮ!"

ಮೂರು ಕೊಳವೆ ಮುಗಿಯುವವರೆಗೆ ಹಿಂದೆಯೇ ಬಂದವನು ನಾಲ್ಕನೆಯದರ ಹತ್ತಿರ ಅಡ್ಡ ನಿಂತ. "ಇದೊಂದನ್ನ ಬಿಡಮ್ಮ. ನಾಳೆ ತೆಗೆಯುವಂತೆ."

"ಯಾಕೆ ತಾತ? ನಾಳೆವರೆಗೆ ಏನಾಗುತ್ತೆ?"

ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಮುಚ್ಚಳವೂ ಅವನ ಪಕ್ಷವೇ ಆಗಿತ್ತು, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅವಳು ಸ್ಪ್ಯಾನರಿನಿಂದ ನಾಲ್ಕೇಟು ಹಾಕಿ ತೆರೆದಳು. ಆ ದಿನದ ನೀರಿನ ವರದಿ ಹತ್ತು ದಿನಕ್ಕೆ ಬಂತು: ಶುದ್ಧ.

ಅಲ್ಲಿಗೆ ಲೆಕ್ಕ ಮುಗಿದಿತ್ತು. ಆ ರಾತ್ರಿ ಅವಳು ಊಟ ಮಾಡಲಿಲ್ಲ, ಮಾಡಿದೆಯಾ ಎಂದು ಕೇಳುವವರೂ ಇರಲಿಲ್ಲ.

"ಸಾಕ್ಷಿ ಬೇಕು. ಫೋಟೋ ತೆಗೀರಿ," ಎಂದರು ಮೇಲಧಿಕಾರಿ.

ಮುಂದಿನ ಪರೀಕ್ಷೆಯ ಹಿಂದಿನ ದಿನ, ಮಧ್ಯಾಹ್ನ, ಅವಳು ಶೆಡ್ಡುಗಳ ಕಡೆಯ ಕಾಂಪೌಂಡ್ ಗೋಡೆಯ ಹಿಂದೆ, ಒಂದು ಬಿರುಕಿನ ಎದುರು ಅವಿತು ನಿಂತಳು. ಅಲ್ಲಿಂದ ನಾಲ್ಕನೇ ಕೊಳವೆಗೆ ಹತ್ತು ಹೆಜ್ಜೆ. ಗೋಡೆಗೆ ಒರಗಿ ಫೋನ್ ಮಾಡಿದಳು.

"ತಾತ, ನಾಳೆ ಬರ್ತೀನಿ."

"ಬಾಮ್ಮ, ಬಾ! ಎಲ್ಲ ತಯಾರು ಮಾಡಿಟ್ಟಿರ್ತೀನಿ." ದನಿಯಲ್ಲಿ ಹಿಗ್ಗು.

ಅರ್ಧ ಗಂಟೆಯೂ ಆಗಲಿಲ್ಲ. ಮುದುಕ ಕೋಣೆಯಿಂದ ಹೊರಬಂದ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಹಳೆಯ ಬಟ್ಟೆ. ಬೇರೆ ಕೊಳವೆಗಳತ್ತ ತಿರುಗಿಯೂ ನೋಡದೆ ನೆಟ್ಟಗೆ ನಾಲ್ಕನೆಯದಕ್ಕೆ ಬಂದ. ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತು, ಮುಚ್ಚಳವನ್ನು ಎರಡೂ ಕೈಯಿಂದ ಎಳೆದು ಎತ್ತಿ, ಬಾಟಲಿ ಬಗ್ಗಿಸಿದ. ಸೀಮೆಎಣ್ಣೆಯ ವಾಸನೆ ಗೋಡೆಯವರೆಗೂ ಬಂತು.

ಅವಳು ಫೋಟೋ ತೆಗೆದಳು. ಚಿತ್ರ ಸ್ಪಷ್ಟವಾಗಿತ್ತು. 'ಇವರೇ' ಎಂದು ಬರೆದು ಕಳಿಸಿದಳು. ಆ ಒಂದು ಪದದೊಂದಿಗೆ ತನಗಿದ್ದ ಒಬ್ಬ ಮನುಷ್ಯನೂ ಹೋದನಲ್ಲ ಎಂದು ಕಣ್ಣು ತುಂಬಿತು. ನಿಮಿಷದೊಳಗೆ ಉತ್ತರ ಬಂತು: 'ಸಾಕು. ಪೊಲೀಸರಿಗೆ ಹೇಳಿದ್ದೇನೆ, ಹೊರಟಿದ್ದಾರೆ.'

ಮುದುಕ ಇನ್ನೂ ಅಲ್ಲೇ ಕೂತಿದ್ದ. ಬಟ್ಟೆಯಿಂದ ಮುಚ್ಚಳದ ಕೀಲಿನ ತುಕ್ಕನ್ನು ತಿಕ್ಕಿದ. ಮತ್ತೆ ನಾಲ್ಕು ಹನಿ ಬಿಟ್ಟು, ಮುಚ್ಚಳವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದು ಒಂದೇ ಬೆರಳಿಗೆ ಏಳುವವರೆಗೂ ಬಿಡಲಿಲ್ಲ. ಕೊನೆಗೆ ತನ್ನ ಹೆಬ್ಬೆರಳನ್ನು ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಆಡಿಸಿ ನೋಡಿದ.

"ಹಾಂ," ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡ, "ನಾಳೆನೂ ನಮ್ಮ ಹುಡುಗಿ ಕೈಗೆ ಗಾಯ ಆಗಲ್ಲ."